ಓದುಗರ ಪ್ರಶ್ನೆ: ಮೇಲೇರದ ನೀರು, ಕೆಳಗಿಳಿಯದ ಕಾಫಿ

ಎರಡು ಪಾತ್ರೆಗಳ ಹಳೆಯ ವ್ಯಾಕ್ಯೂಮ್ ಕಾಫಿ ಮೇಕರ್, ಅಂದರೆ ಸೈಫನ್, ಬಳಸುವ ಓದುಗರ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಇದರಲ್ಲಿ ಕೆಳಗಿನ ಗುಂಡಿನ ನೀರು ಕಾದು ಕೊಳವೆಯ ಮೂಲಕ ಮೇಲಿನ ಬಟ್ಟಲಿಗೇರಿ ಪುಡಿಯೊಡನೆ ಬೆರೆಯುತ್ತದೆ; ಉರಿ ತೆಗೆದಾಗ ಕಾಫಿ ಸೋಸಿ ಮತ್ತೆ ಗುಂಡಿಗಿಳಿಯುತ್ತದೆ.

ಪ್ರಶ್ನೆ: ಇಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೋನಾ ಎಂಬ ಕಂಪನಿಯ ಇಂಥ ಕಾಫಿ ಮೇಕರ್ ಸಿಕ್ಕಿತು. ಕೆಳಗಿನ ಗಾಜಿನ ಗುಂಡು, ಮೇಲಿನ ಬಟ್ಟಲು, ಒಂದು ಗಾಜಿನ ಕಡ್ಡಿ, ಸ್ಪಿರಿಟ್ ದೀಪ ಎಲ್ಲ ಇವೆ. ಕೈಪಿಡಿ ಮಾತ್ರ ಇಲ್ಲ. ಮೊದಲ ಸಲ ಹೇಗೆ ಬಳಸಬೇಕು?
— ಓದುಗರು, ಲಂಡನ್

ಉತ್ತರ: ದೀಪ ಹಚ್ಚುವ ಮೊದಲು ಗಾಜು ನೋಡಿ. ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಕೂದಲೆಳೆಯಂಥ ಗೆರೆ ಕಂಡರೆ ಅದರ ಮೇಲೆ ಉಗುರು ಆಡಿಸಿ. ಉಗುರಿಗೆ ತಡೆಯುವ ಗೀರು ಅಥವಾ ನಕ್ಷತ್ರದಂತೆ ಹರಡಿದ ಬಿರುಕು ಇದ್ದರೆ ಆ ಗುಂಡು ಬೀರುವಿನಲ್ಲಿಡಲು ಮಾತ್ರ. ಅಂಟು ಹಾಕಿ ಬಳಸುವ ಯೋಚನೆ ಬೇಡ. ಈ ಯಂತ್ರ 1830ರ ದಶಕದಲ್ಲೇ ಬರ್ಲಿನ್‌ನಲ್ಲಿ ಹುಟ್ಟಿದರೂ ಬಹುಕಾಲ ಗಾಜು ಸಿಡಿಯುವುದೇ ಅದರ ದೊಡ್ಡ ಕಾಟವಾಗಿತ್ತು. 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಪೈರೆಕ್ಸ್ ಎಂಬ ಶಾಖ ತಾಳುವ ಗಾಜನ್ನು ಮಾರುಕಟ್ಟೆಗೆ ತಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆದರೆ ಗೀರು ಬಿದ್ದ ಪೈರೆಕ್ಸ್ ಕೂಡ ಒಡೆಯುತ್ತದೆ.

ಗಾಜು ಸರಿಯಿದ್ದರೆ ಮೊದಲು ಬರೀ ನೀರಿನಲ್ಲಿ ಒಂದು ಸಲ ನಡೆಸಿ ನೋಡಿ, ಆಮೇಲೆ ಕಾಫಿ. 300 ಮಿಲಿಲೀಟರ್ ನೀರಿಗೆ 20 ಗ್ರಾಂ ಪುಡಿ ಸಾಕು. ನೀರನ್ನು ಬೇರೆಡೆ ಕಾಯಿಸಿಕೊಂಡು ಗುಂಡಿಗೆ ಹಾಕಿದರೆ ಸ್ಪಿರಿಟೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಗುಂಡಿನ ಹೊರಮೈಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ. ತಳದಲ್ಲಿ ಒಂದು ಹನಿ ನೀರು ನಿಂತರೂ ಉರಿ ತಾಗಿದಾಗ ಆ ಜಾಗ ಮಾತ್ರ ತಣ್ಣಗುಳಿದು ಗಾಜು ಬಿರಿಯಬಹುದು. ದೀಪಕ್ಕೆ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಸ್ಪಿರಿಟ್ ತುಂಬಿ. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ. ಬತ್ತಿ 3ರಿಂದ 5 ಮಿಲಿಮೀಟರ್ ಮೇಲಿದ್ದರೆ ಸಾಕು. ಹೆಚ್ಚು ಎಳೆದರೆ ಉರಿ ಗುಂಡಿನ ಬದಿಗಳನ್ನು ನೆಕ್ಕುತ್ತದೆ. ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ, ಬಾಯಿಂದ ಊದಿ ಆರಿಸಬೇಡಿ. ಮುಚ್ಚಳ ಹಾಕಿ ಆರಿಸಿ.

ಗಾಜಿನ ಕಡ್ಡಿಯೇ ನಿಮ್ಮ ಫಿಲ್ಟರ್. ಅದು ಬಟ್ಟಲಿನ ತಳದ ತೂತಿನಲ್ಲಿ ತನ್ನ ಭಾರದಿಂದಲೇ ಕೂರುತ್ತದೆ. ಅದಕ್ಕೂ ತೂತಿನ ಅಂಚಿಗೂ ನಡುವಿನ ಸಣ್ಣ ಸಂದಿನಿಂದ ಕಾಫಿ ಸೋಸಿ ಇಳಿಯುತ್ತದೆ. ನೀರು ಮೇಲೇರುವಾಗ ಕಡ್ಡಿ ಕುಣಿದು ಪಕ್ಕಕ್ಕೆ ವಾಲಬಹುದು. ಆದ್ದರಿಂದ ನೀರೆಲ್ಲ ಮೇಲೆ ಬಂದ ನಂತರ ಮರದ ಚಮಚದಿಂದ ಕಡ್ಡಿಯನ್ನು ನೆಟ್ಟಗೆ ಕೂರಿಸಿ, ಆಮೇಲೆ ಪುಡಿ ಹಾಕಿ. ಪುಡಿ ಪೂರ್ತಿ ನೆನೆಯುವಂತೆ ಒಮ್ಮೆ ಕದಡಿ, ಉರಿ ತಗ್ಗಿಸಿ, ಒಂದು ನಿಮಿಷ ಬಿಡಿ. ದೀಪ ತೆಗೆದು ಇನ್ನೊಮ್ಮೆ ಮೆಲ್ಲಗೆ ಸುತ್ತಿಸಿ. ಅರ್ಧ ನಿಮಿಷದಿಂದ ಒಂದೂವರೆ ನಿಮಿಷದೊಳಗೆ ಕಾಫಿ ಇಳಿದು, ಕೊನೆಗೆ ಗುಂಡಿನಲ್ಲಿ ಬಿಳಿ ನೊರೆಯೆದ್ದು ಗುಳುಗುಳು ಸದ್ದಾಗಬೇಕು. ಚರಟದ ಮೂಲಕ ಗಾಳಿ ಒಳಹೋಗುವ ಸದ್ದು ಅದು. ಮುಗಿಯಿತು ಎಂಬುದಕ್ಕೆ ಅದೇ ಗುರುತು.

ಕೊಳವೆ ಗುಂಡಿನ ತಳ ಮುಟ್ಟುವುದಿಲ್ಲವಾದ್ದರಿಂದ ಸ್ವಲ್ಪ ನೀರು ಕೆಳಗೇ ಉಳಿಯುತ್ತದೆ. ಅದು ದೋಷವಲ್ಲ. ಗಾಜು ಒಣಗಿ ಕಾಯದಂತೆ ಕಾಪಾಡುವುದೇ ಆ ನೀರು.

ಪ್ರಶ್ನೆ: ನೀರು ಚೆನ್ನಾಗಿ ಮೇಲೇರುತ್ತದೆ. ಉರಿ ತೆಗೆದರೆ ಕಾಲುಭಾಗ ಕಾಫಿ ಇಳಿದು ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ದಿನವೂ ಬಳಸುವ ಫಿಲ್ಟರ್ ಕಾಫಿ ಪುಡಿಯನ್ನೇ ಹಾಕುತ್ತಿದ್ದೇವೆ. ತಪ್ಪೆಲ್ಲಿ?
— ಓದುಗರು, ಮೈಸೂರು

ಉತ್ತರ: ತಪ್ಪು ಆ ಪುಡಿಯಲ್ಲೇ ಇದೆ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರುಗಳಲ್ಲಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯಲೆಂದೇ ಪುಡಿಯನ್ನು ನುಣ್ಣಗೆ ಬೀಸಿರುತ್ತಾರೆ. ಜೊತೆಗೆ ಚಿಕೋರಿ. ಚಿಕೋರಿ ಪುಡಿ ನೀರು ಕುಡಿದು ಮೆತ್ತಗಾಗಿ, ಸೈಫನ್ನಿನ ಫಿಲ್ಟರ್ ಬಟ್ಟೆಯ ಕಣ್ಣುಗಳಿಗೆ ಮೆತ್ತಿಕೊಳ್ಳುತ್ತದೆ. ಸ್ಟೀಲ್ ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಕೊಡುವ ಗುಣವೇ ಇಲ್ಲಿ ದಾರಿ ಕಟ್ಟುತ್ತದೆ.

ಚಿಕೋರಿ ಇಲ್ಲದ ಪುಡಿ ತನ್ನಿ. ಚಿಕ್ಕಮಗಳೂರು ಅಥವಾ ಕೊಡಗಿನ ಅರೇಬಿಕಾ, ಮಧ್ಯಮ ಹುರಿತ ಇದಕ್ಕೆ ಚೆನ್ನ. ಬೀಸಿಕೊಡುವವರಿಗೆ 'ಉಪ್ಪಿಟ್ಟಿನ ರವೆಯಷ್ಟು' ಎಂದು ಹೇಳಿ. ಚಿರೋಟಿ ರವೆಯಷ್ಟಾದರೆ ನುಣ್ಣಗಾಯಿತು. ಬೆರಳುಗಳ ನಡುವೆ ಉಜ್ಜಿದಾಗ ಕಾಳು ಕಾಳಾಗಿ ಸಿಗಬೇಕು, ಹಿಟ್ಟಿನಂತೆ ಅಂಟಬಾರದು.

ಕಾಫಿ ನಡುವೆಯೇ ನಿಂತುಬಿಟ್ಟರೆ ಮೇಲಿನ ಬಟ್ಟಲನ್ನು ಹಿಡಿದು ಎಳೆಯಬೇಡಿ. ಕೆಳಗೆ ಗಾಳಿ ಕಡಿಮೆಯಾಗಿ ಎರಡೂ ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಎಳೆದರೆ ಕೊಳವೆ ಮುರಿದು ಬಿಸಿ ಕಾಫಿ ಮೈಮೇಲೆ ಚೆಲ್ಲೀತು. ಗುಂಡಿನಲ್ಲಿ ದ್ರವ ಇರುವುದನ್ನು ನೋಡಿಕೊಂಡು ಸಣ್ಣ ಉರಿಯನ್ನು ಮತ್ತೆ ಕೊಡಿ. ಕಾಫಿ ಮೇಲೇರಲು ಶುರುವಾದೊಡನೆ ಗಟ್ಟಿಯಾಗಿದ್ದ ಚರಟ ಸಡಿಲವಾಗುತ್ತದೆ. ಆಗ ಒಮ್ಮೆ ಕದಡಿ ಉರಿ ತೆಗೆಯಿರಿ. ಬೇಗ ಇಳಿಯಲಿ ಎಂದು ಗುಂಡಿಗೆ ಒದ್ದೆ ಬಟ್ಟೆ ಸುತ್ತುವವರಿದ್ದಾರೆ. ಹಳೆಯ ಗಾಜಿಗೆ ಆ ಆಟ ಬೇಡವೇ ಬೇಡ.

ಪ್ರಶ್ನೆ: ನಮ್ಮದರ ತೊಂದರೆ ತಿರುಗುಮುರುಗು. ನೀರು ಕುದಿಯುತ್ತದೆ, ಆದರೆ ಅರ್ಧವೂ ಮೇಲೇರುವುದಿಲ್ಲ. ಕತ್ತಿನ ಬಳಿ 'ಸುಸ್' ಎಂದು ಹಬೆ ಬರುತ್ತದೆ. ರಬ್ಬರ್ ಉಂಗುರ ಕಲ್ಲಿನಂತೆ ಗಟ್ಟಿಯಾಗಿದೆ.
— ಓದುಗರು, ಶಿವಮೊಗ್ಗ

ಉತ್ತರ: ಉತ್ತರ ನಿಮ್ಮ ಕೊನೆಯ ಮಾತಿನಲ್ಲೇ ಇದೆ. ನೀರನ್ನು ಮೇಲಕ್ಕೆ ತಳ್ಳುವುದು ಗುಂಡಿನಲ್ಲಿ ಸಿಕ್ಕಿಬಿದ್ದ ಗಾಳಿ ಮತ್ತು ಹಬೆ. ಅದಕ್ಕೆ ಭಾರೀ ಒತ್ತಡ ಬೇಕಿಲ್ಲ. 20 ಸೆಂಟಿಮೀಟರ್ ಎತ್ತರಕ್ಕೆ ನೀರೇರಿಸಲು ಹೊರಗಿನ ವಾಯುಭಾರಕ್ಕಿಂತ ಶೇ. 2ರಷ್ಟು ಹೆಚ್ಚಿದ್ದರೆ ಆಯಿತು. ಆದರೆ ಆ ಶೇ. 2 ಕೂಡ ಸಂದಿನಲ್ಲಿ ಸೋರಿಹೋದರೆ ನೀರು ಕೆಳಗೇ ಕುದಿಯುತ್ತಿರುತ್ತದೆ. ಕಾಫಿ ಇಳಿಯುವಾಗಲೂ ಇದೇ ಸಂದಿನಿಂದ ಹೊರಗಾಳಿ ನುಗ್ಗಿ ಸೆಳೆತ ಕಡಿಮೆಯಾಗುತ್ತದೆ.

ಹೊಸ ಉಂಗುರವೇ ದಾರಿ. ಹಳೆಯದನ್ನು ಎಸೆಯಬೇಡಿ, ಅಳತೆಗೆ ಬೇಕು. ಗುಂಡಿನ ಬಾಯಿಯ ಒಳ ಅಗಲ, ಉಂಗುರ ಕೂರುವಲ್ಲಿ ಕೊಳವೆಯ ಹೊರ ಅಗಲ, ಉಂಗುರದ ಎತ್ತರ, ಈ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಆಹಾರಕ್ಕೆ ಬಳಸಬಹುದಾದ ಸಿಲಿಕೋನ್‌ನಲ್ಲಿ ಮಾಡಿಸಿ. ಬದಿ ನೆಟ್ಟಗಿರದೆ, ಕೆಳಗೆ ಕಿರಿದಾಗುತ್ತಾ ಹೋಗುವ ಬಿರಡೆಯ ಆಕಾರ ಇರಬೇಕು. ಎಂ-ಸೀಲ್, ಪ್ಲಂಬರ್ ಟೇಪು, ಸೈಕಲ್ ಟ್ಯೂಬಿನ ತುಂಡು ಯಾವುದೂ ಸಲ್ಲದು. ಬಿಸಿ ಹಬೆ ಅವುಗಳ ಮೂಲಕವೇ ನಿಮ್ಮ ಲೋಟಕ್ಕೆ ಬರುತ್ತದೆ. ಹೊಸ ಉಂಗುರವನ್ನು ಐದು ನಿಮಿಷ ನೀರಿನಲ್ಲಿ ಕುದಿಸಿದರೆ ವಾಸನೆ ಕಡಿಮೆಯಾಗುತ್ತದೆ. ಕೂರಿಸುವಾಗ ಎಣ್ಣೆ ಸವರಬೇಡಿ, ನೀರು ಸವರಿ. ಮೆಲ್ಲಗೆ ಒತ್ತಿ, ಒಂದಿಷ್ಟು ತಿರುಗಿಸಿದರೆ ಸಾಕು. ತೆಗೆಯುವಾಗ ಪೂರ್ತಿ ಆರಲು ಬಿಟ್ಟು, ಬಟ್ಟಲನ್ನು ಸ್ವಲ್ಪ ಓರೆ ಮಾಡಿ ಗಾಳಿ ಒಳಬಿಟ್ಟ ನಂತರ ಎತ್ತಿ.

ಪ್ರಶ್ನೆ: ಎಲ್ಲ ಸರಿಯಾಗಿಯೇ ನಡೆಯುತ್ತದೆ, ಆದರೆ ಕಾಫಿ ಹುಳಿ ಹುಳಿ, ನೀರು ನೀರು. ಫಿಲ್ಟರಿಗೆ ಒಂದು ಮಣಿ ಸರಪಳಿ ತೂಗಾಡುತ್ತದೆ. ಅದು ಅಲಂಕಾರಕ್ಕೋ?
— ಓದುಗರು, ಧಾರವಾಡ

ಉತ್ತರ: ಅಲಂಕಾರಕ್ಕಲ್ಲ. ಸರಪಳಿಯ ತುದಿ ಗುಂಡಿನ ನೀರಿನಲ್ಲಿ ಮುಳುಗಿರಬೇಕು. ಗುಳ್ಳೆಗಳು ಮಣಿಗಳ ಮೇಲೆ ಹುಟ್ಟಿ ಒಂದೇ ಸಮನೆ ಏಳುತ್ತವೆ; ಇಲ್ಲದಿದ್ದರೆ ನುಣುಪಾದ ಗಾಜಿನಲ್ಲಿ ನೀರು ತಡೆದು ತಡೆದು ಒಮ್ಮೆಲೇ ಉಕ್ಕಬಹುದು.

ಹುಳಿಯ ಸಂಗತಿ ಹೀಗೆ. ಮೊದಲೇ ಬಟ್ಟಲನ್ನು ಬಿಗಿಯಾಗಿ ಕೂರಿಸಿ ಆಮೇಲೆ ಉರಿ ಹಚ್ಚಿದರೆ, ಒಳಗಿನ ಗಾಳಿ ಹಿಗ್ಗಿ ನೀರು ಕುದಿಯುವುದಕ್ಕೆ ಬಹಳ ಮೊದಲೇ ಮೇಲೇರುತ್ತದೆ. ನೋಡಲು ಕುದಿದಂತೆಯೇ ಕಾಣುತ್ತದೆ. ಆದರೆ ಮೇಲೆ ಗುಳುಗುಳು ಎನ್ನುವುದು ಹಬೆಯಲ್ಲ, ಬರೀ ಗಾಳಿ. ಸಾಕಷ್ಟು ಬಿಸಿಯಿಲ್ಲದ ಆ ನೀರಿನಲ್ಲಿ ಕಾಫಿಯ ಸತ್ವ ಪೂರ್ತಿ ಬಿಡುವುದಿಲ್ಲ. ಬಟ್ಟಲನ್ನು ಓರೆಯಾಗಿ ಸಡಿಲವಾಗಿ ಇಟ್ಟಿರಿ. ಸರಪಳಿಯಿಂದ ದೊಡ್ಡ ಗುಳ್ಳೆಗಳು ಸಾಲಾಗಿ ಏಳತೊಡಗಿದಾಗ ಉರಿ ತಗ್ಗಿಸಿ, ನೆಟ್ಟಗೆ ಕೂರಿಸಿ ಒತ್ತಿ. ನೀರೇರಿದ ಮೇಲೆ ಅರ್ಧ ನಿಮಿಷ ಕಾದು ಪುಡಿ ಹಾಕಿ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಮೇಲಿನ ನೀರು 90ರಿಂದ 94 ಡಿಗ್ರಿ ಇರಲಿ. ಕಹಿಯಾಗುತ್ತಿದ್ದರೆ ಮಾತ್ರ ಸಮಯ ಕಡಿಮೆ ಮಾಡಿ.

ಪ್ರಶ್ನೆ: ಅಮೆರಿಕದಿಂದ ಬಂದ ಬಂಧುಗಳು ಸನ್‌ಬೀಮ್ ಕಾಫಿಮಾಸ್ಟರ್ ಎಂಬ ಕರೆಂಟಿನ ಸೈಫನ್ ತಂದುಕೊಟ್ಟಿದ್ದಾರೆ, ಪೂರ್ತಿ ಲೋಹದ್ದು. ಪ್ಲಗ್ ಬದಲಿಸಿದರೆ ಸಾಕೇ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ದಯವಿಟ್ಟು ಹಾಗೆ ಚುಚ್ಚಬೇಡಿ. ಅದು ಅಮೆರಿಕದ 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟ್ ಕೊಟ್ಟರೆ ಕಾಯಿಲ್ ಮೇಲೆ ಸುಮಾರು 3.7 ಪಟ್ಟು ಹೊರೆ ಬಿದ್ದು ಸುಟ್ಟುಹೋಗುತ್ತದೆ. ತಳದ ತಗಡಿನ ಮೇಲೆ ಬರೆದಿರುವ ವ್ಯಾಟ್ ನೋಡಿ, ಅದಕ್ಕಿಂತ ಕಾಲುಭಾಗ ಹೆಚ್ಚು ಸಾಮರ್ಥ್ಯದ ತಾಮ್ರದ ಸುರುಳಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯ ವೈರಿನ ರಬ್ಬರ್ ಬಾಗಿಸಿದರೆ ಪುಡಿಯಾಗುತ್ತದೆ, ಅದನ್ನು ಬದಲಿಸಲೇಬೇಕು. ಲೋಹದ ಮೈಗೆ ಕರೆಂಟ್ ಸೋರುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಮೆಗ್ಗರ್ ಎಂಬ ಇನ್ಸುಲೇಷನ್ ಪರೀಕ್ಷಿಸುವ ಉಪಕರಣದಲ್ಲಿ ಪರೀಕ್ಷೆ ಮಾಡಿಸಿ, ಅರ್ಥ್ ಇರುವ ಮೂರೆಳೆ ವೈರ್ ಹಾಕಿಸಿ. ತಳವನ್ನು ನೀರಿನಲ್ಲಿ ಮುಳುಗಿಸಬೇಡಿ. ಒಳಗಿನ ಲೇಪ ಎದ್ದು ಹಳದಿ ಅಥವಾ ಕೆಂಪು ಲೋಹ ಕಾಣುತ್ತಿದ್ದರೆ ಅದರಲ್ಲಿ ಕಾಫಿ ಮಾಡಬೇಡಿ.

ಪ್ರಶ್ನೆ: ಫಿಲ್ಟರ್ ಬಟ್ಟೆ ಬೇಗ ಕಮಟು ವಾಸನೆ ಬರುತ್ತದೆ. ಗುಂಡಿನ ತಳದಲ್ಲಿ ಬಿಳಿ ಪೊರೆ, ಬಟ್ಟಲಿಗೆ ಕಂದು ಕಲೆ. ಸಬೀನಾದಲ್ಲಿ ಉಜ್ಜಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಸಬೀನಾ, ಬೂದಿ, ಸ್ಟೀಲ್ ನಾರು ಯಾವುದೂ ಗಾಜಿನ ಹತ್ತಿರ ಬರಬಾರದು. ಅವು ಬಿಡುವ ಸಣ್ಣ ಗೀರೇ ಮುಂದೆ ಬಿರುಕು. ಬಾಟಲಿ ಬ್ರಷ್ಷಿನ ತಂತಿಯ ತುದಿಯೂ ಹಾಗೆಯೇ. ಬಿಳಿ ಪೊರೆ ಗಡಸು ನೀರಿನದು: ಅರ್ಧ ಲೀಟರ್ ಬಿಸಿನೀರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಅರ್ಧ ಗಂಟೆ ಬಿಡಿ. ಕಂದು ಕಲೆ ಕಾಫಿಯ ಜಿಡ್ಡು: ಅಷ್ಟೇ ಬಿಸಿನೀರಿಗೆ ಒಂದು ಟೀ ಚಮಚ ಸೋಡಿಯಂ ಪರ್ಕಾರ್ಬೊನೇಟ್. ಎರಡನ್ನೂ ಬೆರೆಸಬೇಡಿ, ಒಂದಾದ ಮೇಲೆ ಒಂದು, ನಡುವೆ ಚೆನ್ನಾಗಿ ತೊಳೆಯಿರಿ. ಅಲ್ಯೂಮಿನಿಯಂ ಭಾಗಗಳಿಗೆ ಪರ್ಕಾರ್ಬೊನೇಟ್ ತಾಗಬಾರದು. ಕೈ ಹೋಗದ ಗುಂಡಿಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಸುತ್ತಿಸಿದರೆ ಮೂಲೆಯ ಜಿಡ್ಡೂ ಬಿಡುತ್ತದೆ.

ಬಟ್ಟೆಗೆ ಸೋಪು ಹಾಕಲೇಬೇಡಿ. ಆ ವಾಸನೆ ಹೋಗುವುದಿಲ್ಲ. ಹೊಸ ಬಟ್ಟೆಯನ್ನು ಒಂದು ಚಮಚ ಕಾಫಿ ಪುಡಿ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಗಂಜಿ ಬಿಡಿಸಿ. ಪ್ರತಿ ಸಲ ಬಳಸಿದ ಕೂಡಲೇ ಹರಿಯುವ ನೀರಿನಲ್ಲಿ ತೊಳೆದು, ಮುಚ್ಚಳದ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ನೀರನ್ನು ದಿನವೂ ಬದಲಿಸಿ. ಒಣಗಲು ಬಿಟ್ಟರೆ ಎಳೆಗಳಲ್ಲಿ ಉಳಿದ ಕಾಫಿ ಎಣ್ಣೆ ಕಮಟುತ್ತದೆ. ನಿಮ್ಮ ವಾಸನೆಯ ಮೂಲ ಅದೇ. ಕಂಪನಿಯ ಬಟ್ಟೆ ಸಿಗದಿದ್ದರೆ ಹಳೆಯ ಬಿಳಿ ಹತ್ತಿ ಪಂಚೆಯನ್ನು ಎರಡು ಪದರ ಮಾಡಿ, ಬಟ್ಟೆ ಕಟ್ಟುವ ಫಿಲ್ಟರ್ ತಟ್ಟೆಗಿಂತ ಒಂದೂವರೆ ಸೆಂಟಿಮೀಟರ್ ಸುತ್ತಲೂ ಹೆಚ್ಚಿಗೆ ಕತ್ತರಿಸಿ, ಅಂಚಿಗೆ ದಾರ ಪೋಣಿಸಿ ಬಿಗಿದು ಕಟ್ಟಿ. ಹೊಲಿಗೆ, ಗಂಟು ತಟ್ಟೆಯ ಅಡಿಗೆ ಬರಲಿ.

ಬಿಸಿ ಗುಂಡನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಮರದ ಮಣೆ ಇರಲಿ. ತೊಳೆದ ಮೇಲೆ ಎರಡೂ ಭಾಗಗಳನ್ನು ಬಿಡಿಸಿಯೇ ಇಡಿ. ಜೋಡಿಸಿಟ್ಟರೆ ಉಂಗುರ ಒತ್ತಿಕೊಂಡು ಆಕಾರ ಕೆಡುತ್ತದೆ, ಗುಂಡಿನೊಳಗೆ ಮುಗ್ಗಲು ವಾಸನೆ ಕಟ್ಟುತ್ತದೆ.