ಮುದಿ ಬಂದೂಕುಗಾರನ ಚಿತ್ರ, ಹೇಳದೆ ಉಳಿದ ರೋಗದ ಹೆಸರು

ಈ ಪ್ರಕರಣವನ್ನು ಬರೆಯಲು ಕುಟುಂಬದವರ ಒಪ್ಪಿಗೆಯಿದೆ. ಗುರುತು ಹಿಡಿಯಲು ಸಾಧ್ಯವಾಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿ ಕಾಫಿ ತೋಟವಿರುವ, ಎಪ್ಪತ್ತೈದು ದಾಟಿದ ಹಿರಿಯರೊಬ್ಬರ ಮಗ ಆಪ್ತಸಲಹೆಗಾರ್ತಿಯಾದ ನನ್ನನ್ನು ಸಂಪರ್ಕಿಸಿದ್ದು ಬೆಂಗಳೂರಿನಿಂದ. ತಂದೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದು ಅದು ಯಕೃತ್ತಿಗೂ ಹರಡಿತ್ತು. ಉಳಿದಿರುವುದು ಕೆಲವು ತಿಂಗಳೆಂದು ವೈದ್ಯರು ಮಗನಿಗೆ ಮಾತ್ರ ತಿಳಿಸಿದ್ದರು, ಮನೆಯವರೆಲ್ಲ ಸೇರಿ ಅದನ್ನು "ಹೊಟ್ಟೆಯ ಹುಣ್ಣು, ಜೊತೆಗೆ ಕಾಮಾಲೆ" ಎಂದು ಹಿರಿಯರಿಗೆ ಹೇಳಿದ್ದರು. ಅದೇ ಹೊತ್ತಿಗೆ ಹಿರಿಯರು ಮೊಮ್ಮಗನಿಂದ ಟಿ.ವಿ.ಯಲ್ಲಿ ಒಂದೇ ಅಮೆರಿಕನ್ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡತೊಡಗಿದ್ದರು. ಅದು 1976ರ 'ದಿ ಶೂಟಿಸ್ಟ್', ಕ್ಯಾನ್ಸರ್ ಹತ್ತಿದ ವೃದ್ಧ ಬಂದೂಕುಗಾರನೊಬ್ಬ ಹಾಸಿಗೆಯಲ್ಲಿ ನರಳಿ ಸಾಯುವ ಬದಲು ಗುಂಡಿನ ಕಾಳಗದಲ್ಲಿ ಸಾಯಲು ಹೊರಡುವ ಕಥೆ. "ಅಪ್ಪಾಜಿಗೆ ಕಾಯಿಲೆ ಏನೆಂದು ಗೊತ್ತಿಲ್ಲ, ದಯವಿಟ್ಟು ನೀವೂ ಹೇಳಬೇಡಿ. ಆ ಸಿನಿಮಾ ನೋಡುವುದನ್ನು ಮಾತ್ರ ಹೇಗಾದರೂ ಬಿಡಿಸಿ," ಎಂಬುದು ಮಗನ ಬೇಡಿಕೆ.

ನಾನು ಮೊದಲು ಕೇಳಿದ್ದು ಚಿತ್ರದ ಬಗ್ಗೆಯಲ್ಲ, ಮನೆಯಲ್ಲಿ ಕೋವಿ ಇದೆಯೇ ಎಂದು. ಇತ್ತು. ಹಂದಿ, ಮಂಗಗಳ ಕಾಟಕ್ಕಾಗಿ ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಪಡೆದ ಜೋಡಿ ನಳಿಗೆಯ ಕೋವಿ. ಅದಕ್ಕೆ ಎಣ್ಣೆ ಹಚ್ಚಿಡುವಂತೆ ಹಿರಿಯರು ಹದಿನೈದು ದಿನಗಳ ಹಿಂದೆ ತೋಟದ ಲೆಕ್ಕಪತ್ರ ನೋಡುವ ರೈಟರಿಗೆ ಹೇಳಿದ್ದರಂತೆ. ಅಂದೇ ಸಂಜೆ ಊರಿಗೆ ಹೊರಟು, ಕೋವಿಯಿಂದ ತೋಟಾಗಳನ್ನು ಬೇರ್ಪಡಿಸಿ, ಎರಡರ ಬೀಗದ ಕೈಗಳನ್ನೂ ತಮ್ಮ ಬಳಿಯೇ ಇಟ್ಟುಕೊಳ್ಳಬೇಕೆಂದೂ, ರಾತ್ರಿ ತಂದೆಯನ್ನು ಒಂಟಿಯಾಗಿ ಬಿಡಬಾರದೆಂದೂ ಮಗನಿಗೆ ತಿಳಿಸಿದೆ. ಅವರ ಇನ್ನೊಂದು ಬೇಡಿಕೆಗೆ ನನ್ನ ಉತ್ತರವನ್ನೂ ಆಗಲೇ ಸ್ಪಷ್ಟಪಡಿಸಿದೆ: ಹಿರಿಯರು ಕೇಳದ ಹೊರತು ರೋಗದ ಹೆಸರನ್ನು ನಾನಾಗಿ ಎತ್ತುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ. ಮಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಪ್ಪಿದರು.

ಭೇಟಿಗೆ ಹೋಗುವ ಮುನ್ನ ಆ ಚಿತ್ರವನ್ನು ಎರಡು ಬಾರಿ ಪೂರ್ತಿ ನೋಡಿದೆ. ಒಬ್ಬ ವ್ಯಕ್ತಿ ತನ್ನ ಕೊನೆಯ ತಿಂಗಳುಗಳಲ್ಲಿ ಒಂದು ಕಲಾಕೃತಿಯನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆ, ಆಪ್ತಸಲಹೆಗಾರರು ಅದನ್ನು ರೋಗಲಕ್ಷಣವೆಂದು ಗುರುತು ಹಾಕಿಕೊಳ್ಳುವ ಮೊದಲು ಅದರ ಎದುರು ಕುಳಿತು ನೋಡುವ ಮರ್ಯಾದೆಯನ್ನಾದರೂ ತೋರಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಡಾನ್ ಸೀಗಲ್ ನಿರ್ದೇಶಿಸಿದ ಈ ಚಿತ್ರ ಜಾನ್ ವೇಯ್ನ್ ನಟಿಸಿದ ಕೊನೆಯ ಚಿತ್ರ. ಮೊದಲಿಗೆ ಬರುವುದು ವೇಯ್ನ್ ಹಿಂದೆ ನಟಿಸಿದ ಹಳೆಯ ಚಿತ್ರಗಳ ತುಣುಕುಗಳು. ಅವನ್ನೇ ಕಥಾನಾಯಕ ಜೆ. ಬಿ. ಬುಕ್ಸ್‌ನ ಗತಕಾಲವಾಗಿ ತೋರಿಸಿದ್ದಾರೆ, ಆದ್ದರಿಂದ ಪಾತ್ರದ ಮುಪ್ಪು ಮತ್ತು ನಟನ ಮುಪ್ಪು ನಮ್ಮ ಕಣ್ಣೆದುರೇ ಒಂದಾಗಿಬಿಡುತ್ತವೆ. ಕಾಲ 1901ರ ಜನವರಿಯ ಕೊನೆಯ ವಾರ, ಸ್ಥಳ ನೆವಾಡದ ಕಾರ್ಸನ್ ಸಿಟಿ. ವಿಕ್ಟೋರಿಯಾ ರಾಣಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿದೆ, ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮ್ ಓಡುತ್ತಿದೆ, ಬಂದೂಕಿನ ಬಲದಿಂದ ಬದುಕಿದವನಿಗೆ ಆ ಊರಿನಲ್ಲಿ ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ. ನೋವಿನಿಂದ ಗಟ್ಟಿ ಆಸನದ ಮೇಲೆ ಕೂರಲಾಗದೆ ದಿಂಬೊಂದನ್ನು ಜೊತೆಗೆ ಹೊತ್ತು ತಿರುಗುವ ಬುಕ್ಸ್, ಹಳೆಯ ಪರಿಚಯದ ವೈದ್ಯ ಹೋಸ್ಟೆಟ್ಲರ್ ಬಳಿಗೆ ಬರುತ್ತಾನೆ. ಜೇಮ್ಸ್ ಸ್ಟೂವರ್ಟ್ ವಹಿಸಿದ ಆ ವೈದ್ಯನ ಪಾತ್ರ, ರೋಗಿಯ ಮುಂದೆ ಸತ್ಯ ಹೇಳುವುದು ಹೇಗೆಂಬುದಕ್ಕೆ ನಾನು ತೆರೆಯ ಮೇಲೆ ಕಂಡ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು. ಅವನು ತಡವರಿಸುತ್ತಾನೆ, ಆ ಮಾತು ಹೇಳುವುದು ಅವನಿಗೂ ಕಷ್ಟವಾಗಿದೆ, ಆದರೂ ರೋಗದ ಹೆಸರು ಹೇಳುತ್ತಾನೆ, ಉಳಿದ ಕಾಲವನ್ನು ಅಂದಾಜಿಸಿ ಹೇಳುತ್ತಾನೆ, ಹೇಳಿ ಮುಗಿಸಿ ರೋಗಿಯನ್ನು ಬಿಟ್ಟುಹೋಗುವುದಿಲ್ಲ.

ಚಿತ್ರದ ನಿಜವಾದ ಬಾಳು ಅದರ ನಡುಭಾಗದಲ್ಲಿದೆ. ಬಾಡಿಗೆಗೆ ಕೋಣೆ ಕೊಟ್ಟ ವಿಧವೆ ಬಾಂಡ್ ರೋಜರ್ಸ್ ಮೊದಲು ಅವನನ್ನು ಹೊರಗೆ ಹೋಗೆನ್ನುತ್ತಾಳೆ, ಆಮೇಲೆ ಅವನ ಸ್ಥಿತಿ ತಿಳಿದು ಒಂದು ದಿನ ಅವನೊಡನೆ ಗಾಡಿಯಲ್ಲಿ ಹೊರಗೆ ಹೋಗಿಬರುತ್ತಾಳೆ. ಊರಿನ ಉಳಿದವರಿಗೆಲ್ಲ ಅವನ ಸಾವಿನಿಂದ ಏನಾದರೂ ಗಿಟ್ಟಬೇಕು: ಪತ್ರಕರ್ತನಿಗೆ ಕಥೆ, ಹಳೆಯ ಗೆಳತಿಗೆ ಅವನ ಹೆಸರು, ಕ್ಷೌರಿಕನಿಗೆ ಉದುರಿದ ಕೂದಲು, ಶವಸಂಸ್ಕಾರದವನಿಗೆ ಪ್ರದರ್ಶನಕ್ಕಿಡಬಹುದಾದ ದೇಹ. ಬುಕ್ಸ್ ಕೊನೆಯವನೊಡನೆ ಚೌಕಾಸಿಗೆ ಇಳಿದು, ಪುಕ್ಕಟೆ ಸಂಸ್ಕಾರದ ಬದಲು ತನಗೇ ಹಣ ಬರುವಂತೆಯೂ ತನ್ನ ಗೋರಿಗೆ ಕಲ್ಲು ನೆಡುವಂತೆಯೂ ಮಾಡಿಕೊಳ್ಳುತ್ತಾನೆ. ಸಾಯುವ ಮನುಷ್ಯನಿಗೆ ಮಿಕ್ಕಿರುವ ಅಧಿಕಾರ ಎಷ್ಟೆಂಬುದನ್ನು ಈ ಸಣ್ಣ ವ್ಯವಹಾರ ತೋರಿಸುವಷ್ಟು ಸ್ಪಷ್ಟವಾಗಿ ಕೊನೆಯ ಕಾಳಗ ತೋರಿಸುವುದಿಲ್ಲ.

ಹಿರಿಯರ ಮನೆಯ ಜಗುಲಿಯಲ್ಲಿ, ಮುಂದಿನ ಕಣದಲ್ಲಿ ಕಾಫಿ ಒಣಗುತ್ತಿದ್ದಾಗ, ಮಾತು ಚಿತ್ರದಿಂದಲೇ ಆರಂಭವಾಯಿತು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾದಲ್ಲಿ ಇಂಗ್ಲಿಷ್ ಚಿತ್ರಗಳನ್ನು ನೋಡುವುದು ಅವರ ವಾರದ ರೂಢಿಯಾಗಿತ್ತು. ವೇಯ್ನ್ ಅವರಿಗೆ ಹರೆಯದ ನಾಯಕ. "ಸಾಯುವುದು ಗೊತ್ತಿದ್ದೇ ಇದರಲ್ಲಿ ಪಾತ್ರ ಮಾಡಿದ ಅಲ್ಲವೇ ಮೇಡಂ?" ಎಂದು ಕೇಳಿದರು. ಇದು ವ್ಯಾಪಕವಾಗಿರುವ ತಪ್ಪು ತಿಳಿವಳಿಕೆಯಾದ್ದರಿಂದ ತಿದ್ದಿದೆ. 1964ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗಾಗಿ ವೇಯ್ನ್‌ರ ಎಡ ಶ್ವಾಸಕೋಶವನ್ನು ತೆಗೆದಿದ್ದರು. ಅದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡು ಅವರು ಮತ್ತೆ ನಟನೆಗೆ ಮರಳಿದರು. ಹೊಟ್ಟೆಯ ಕ್ಯಾನ್ಸರ್ ಪತ್ತೆಯಾದದ್ದು ಈ ಚಿತ್ರ ಬಿಡುಗಡೆಯಾದ ಮೇಲೆ, 1979ರ ಜನವರಿಯಲ್ಲಿ. ತೀರಿಕೊಂಡದ್ದು ಅದೇ ವರ್ಷ ಜೂನ್ 11ರಂದು. ಹಿರಿಯರು ಇದನ್ನು ಕೇಳಿ, "ಬಹಿರಂಗವಾಗಿ ಹೇಳಿಕೊಂಡರೇ?" ಎಂದು ಆ ಒಂದು ಅಂಶವನ್ನೇ ಎತ್ತಿಕೊಂಡರು.

ಯಾವ ದೃಶ್ಯವನ್ನು ಹೆಚ್ಚು ನೋಡುತ್ತೀರಿ ಎಂದು ಕೇಳಿದೆ. ಮಗನೂ ನಾನೂ ಊಹಿಸಿದ್ದು ಕೊನೆಯ ದೃಶ್ಯವನ್ನು. ಹಿರಿಯರು ಹೇಳಿದ್ದು ವೈದ್ಯನ ದೃಶ್ಯ. ಅದನ್ನು ಮೂರು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡುತ್ತಾರಂತೆ, ಅದೂ ಮಗ ಊರಿಗೆ ಬಂದಾಗ, ಅವರು ಅದೇ ಹಜಾರದಲ್ಲಿ ಕುಳಿತಿರುವಾಗ. "ಆ ಡಾಕ್ಟರು ಒಂದೇ ಸಲಕ್ಕೆ ಹೇಳಿಬಿಡುತ್ತಾನೆ. ನನಗೆ ಇಲ್ಲಿ ಐದು ಜನ ಐದು ಕಥೆ ಹೇಳಿದ್ದಾರೆ. ನಾನು ಎಲ್ಲವನ್ನೂ ನಂಬಿದ ಹಾಗೆ ಇದ್ದೇನೆ, ಇಲ್ಲದಿದ್ದರೆ ನನ್ನ ಮಗ ಅಳುತ್ತಾನೆ." ಕಿಮೋಥೆರಪಿಯ ಮಾತು ಬಂದ ದಿನವೇ ಅವರಿಗೆ ರೋಗದ ಹೆಸರು ಗೊತ್ತಾಗಿತ್ತು. ತಂದೆಯನ್ನು ಕಾಯಲು ಮಗ ಸುಳ್ಳು ಹೇಳುತ್ತಿದ್ದರು, ಮಗನನ್ನು ಕಾಯಲು ತಂದೆ ಅದನ್ನು ನಂಬಿದವರಂತೆ ಇದ್ದರು, ಎರಡು ತಿಂಗಳಿಂದ ಆ ಮನೆಯಲ್ಲಿ ಒಬ್ಬರೂ ಇನ್ನೊಬ್ಬರಿಗೆ ನಿಜವಾದ ಒಂದು ಮಾತನ್ನೂ ಆಡಿರಲಿಲ್ಲ.

ಇಷ್ಟಕ್ಕೇ ನಾನು ಸಮಾಧಾನಪಟ್ಟುಕೊಂಡು ಏಳಬಹುದಿತ್ತು, ಏಳಲಿಲ್ಲ. ಕೋವಿಗೆ ಎಣ್ಣೆ ಹಚ್ಚಿಸಿದ್ದೇಕೆ, ಪ್ರಾಣ ತೆಗೆದುಕೊಳ್ಳುವ ಯೋಚನೆ ಬಂದಿತ್ತೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರು ಬಹಳ, ಆ ಹೆದರಿಕೆಗೆ ಆಧಾರವಿಲ್ಲ. ಹಿರಿಯರು ಕಣದ ಕಡೆ ನೋಡುತ್ತ, ನೋವು ಹೆಚ್ಚಾದ ಎರಡು ರಾತ್ರಿ ಬಂದಿತ್ತು ಎಂದರು. ಬುಕ್ಸ್‌ಗೆ ಅವನ ವೈದ್ಯನೇ ಸೂಚನೆ ಕೊಡುತ್ತಾನಲ್ಲ, ತಾನು ಬಣ್ಣಿಸಿದಂಥ ಸಾವನ್ನು ನಿನ್ನಂಥ ಧೈರ್ಯವಂತ ಸಾಯಬೇಕಾಗಿಲ್ಲವೆಂಬ ಅರ್ಥದಲ್ಲಿ, ಅದು ತಪ್ಪೇ ಎಂದೂ ಕೇಳಿದರು.

ಆ ಚಿತ್ರವನ್ನು ಮನಸಾರೆ ಮೆಚ್ಚುವ ನಾನು ಈ ಒಂದು ಕಡೆ ಅದರೊಡನೆ ಜಗಳವಾಡಲೇಬೇಕು. ಹೋಸ್ಟೆಟ್ಲರ್‌ನ ಕೈಯಲ್ಲಿದ್ದದ್ದು ಲಾಡನಂ, ಮದ್ಯದಲ್ಲಿ ಕರಗಿಸಿದ ಅಫೀಮು. ಅದು ಇನ್ನು ಸಾಲದೆ ಹೋಗುವ ದಿನ ಬರುತ್ತದೆಂದು ಅವನಿಗೆ ಗೊತ್ತು, ಅದರಾಚೆಗೆ ಅವನ ಬಳಿ ಬೇರೇನೂ ಇಲ್ಲ. ಬುಕ್ಸ್‌ನ ಆಯ್ಕೆ ಹುಟ್ಟಿದ್ದು ಧೈರ್ಯದಿಂದ ಎಷ್ಟೋ, 1901ರ ಆ ಔಷಧ ಪೆಟ್ಟಿಗೆಯ ಬಡತನದಿಂದಲೂ ಅಷ್ಟೇ. ಅವನು ತನ್ನ ಹುಟ್ಟಿದ ದಿನವಾದ ಜನವರಿ 29ರಂದು ಮೆಟ್ರೊಪೋಲ್ ಎಂಬ ಮದ್ಯದಂಗಡಿಗೆ ಕರೆಸಿಕೊಳ್ಳುವ ಮೂವರೂ ಕೆಡುಕರಾಗಿರುವುದರಿಂದ, ಅವನ ಸಾವು ಊರಿಗೆ ಮಾಡಿದ ಉಪಕಾರದಂತೆ ಕಾಣಿಸಿಬಿಡುತ್ತದೆ. ಇದು ಕಥೆಗಾರ ಪ್ರೇಕ್ಷಕನಿಗೆ ಒದಗಿಸಿದ ಅನುಕೂಲ, ನಿಜವಾದ ಮನೆಗಳಲ್ಲಿ ಅಂಥ ಸಾವು ಯಾರಿಗೂ ಉಪಕಾರವಾಗುವುದಿಲ್ಲ, ಹಿಂದೆ ಉಳಿದವರು ವರ್ಷಗಟ್ಟಲೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ಇದನ್ನು ಹಿರಿಯರಿಗೆ ಹೇಳಿ, ನಿಮಗೆ ನೋವಿಗೆ ಏನು ಕೊಡುತ್ತಿದ್ದಾರೆ ಎಂದು ಕೇಳಿದೆ. ಸಾಧಾರಣ ನೋವಿನ ಮಾತ್ರೆ! ರೋಗದ ಹೆಸರು ಮುಚ್ಚಿಟ್ಟದ್ದರಿಂದ, ಆ ರೋಗಕ್ಕೆ ತಕ್ಕ ನೋವುನಿವಾರಕವೂ ಅವರ ಬಾಯಿಗೆ ತಲುಪಿರಲಿಲ್ಲ. ಮುಚ್ಚುಮರೆಗೆ ಹಿರಿಯರ ದೇಹ ತೆತ್ತ ಬೆಲೆ ಇದು, ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಮುಂದಿನ ಸಲಹೆಗಳನ್ನು ಅವರವರ ಮಟ್ಟಕ್ಕೆ ಬೇರೆಬೇರೆಯಾಗಿ ಕೊಟ್ಟೆ. ಹಿರಿಯರಿಗೆ ಹೇಳಿದ್ದು: ನೋವು, ನರಳಿಕೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯರನ್ನು ಕಾಣಬೇಕು, ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫಿನ್ ವೈದ್ಯರ ನಿಗಾದಲ್ಲಿ ಇಂಥ ನೋವನ್ನು ಬಹುಮಟ್ಟಿಗೆ ಹತೋಟಿಯಲ್ಲಿಡುತ್ತದೆ, ಅದನ್ನು ರೋಗಿಗಳಿಗೆ ತಲುಪಿಸಲು ಅಡ್ಡವಾಗಿದ್ದ ಕಾನೂನಿನ ತೊಡಕುಗಳನ್ನು ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿ ಸಡಿಲಿಸಿದೆ. ಕೊನೆಯಲ್ಲಿ ಕೃತಕ ಉಸಿರಾಟದ ಯಂತ್ರಕ್ಕೆ ಒಳಗಾಗುವುದು ಬೇಡವೆಂದಿದ್ದರೆ ಅದು ಆತ್ಮಹತ್ಯೆಯಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿದಿದೆ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದ ಮುಂಗಡ ನಿರ್ದೇಶನವನ್ನು, ಅಂದರೆ ಅಂಥ ಚಿಕಿತ್ಸೆ ಬೇಡವೆಂಬ ಪತ್ರವನ್ನು, ಬರೆದಿಡಬಹುದು. ಕೋವಿಯನ್ನು ಮಾತ್ರ ಮನೆಯಿಂದ ಹೊರಗಿಡಲೇಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವಂತೆ ಈಗಲೂ ಒಪ್ಪಿಸೋಣ, ಕಾರಣವನ್ನು ಮಗನಿಗೆ ನೀವೇ ಹೇಳಿ ಎಂದೆ. ಒಪ್ಪಿಕೊಳ್ಳಲು ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಮಗನಿಗೆ ಕೊಟ್ಟ ಸಲಹೆ ಹೆಚ್ಚು ಕಷ್ಟದ್ದು. ಚಿತ್ರವನ್ನು ನಿಲ್ಲಿಸಬೇಡಿ, ಅದು ನಿಮ್ಮ ತಂದೆ ನಿಮಗೆ ಬರೆದ ಕಾಗದ ಎಂದೆ. ಎಲ್ಲವನ್ನೂ ಒಂದೇ ಸಲ ಸುರಿಯುವ ಅಗತ್ಯವಿಲ್ಲ. "ಅಪ್ಪಾಜಿ, ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ?" ಎಂಬ ಒಂದು ಪ್ರಶ್ನೆ ಕೇಳಿ, ಅವರು ಹೇಳುವವರೆಗೂ ಕಾಯಬೇಕು, ಕೇಳಿದಷ್ಟಕ್ಕೆ ಉತ್ತರಿಸಬೇಕು, ಅಳು ಬಂದರೆ ಎದ್ದುಹೋಗದೆ ಅಲ್ಲೇ ಕುಳಿತು ಅಳಬೇಕು. ರಾತ್ರಿ ವೇಳೆ ಆತಂಕವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಸೇರಿಸಿಸಿದೆ. ತೋಟದ ವ್ಯವಹಾರಗಳನ್ನು ಹಿರಿಯರ ಬೆನ್ನ ಹಿಂದೆ ಮುಗಿಸುವುದನ್ನು ಕೂಡಲೇ ಬಿಡಬೇಕೆಂದೂ ಹೇಳಿದೆ. ಗೋರಿಕಲ್ಲಿನ ಚೌಕಾಸಿಯನ್ನು ಅಷ್ಟು ಆಸ್ಥೆಯಿಂದ ನೋಡುವ ಮನುಷ್ಯನಿಗೆ ಆ ವರ್ಷದ ಕಾಳುಮೆಣಸಿನ ಬೆಲೆ ಕುದುರಿಸುವ ಹಕ್ಕು ಸಿಗಲೇಬೇಕು.

ಮೊಮ್ಮಗ ಹತ್ತೊಂಬತ್ತರ ಹುಡುಗ. ಅಜ್ಜನಿಗೆ ಆ ಚಿತ್ರ ಹಾಕಿಕೊಟ್ಟ ತಪ್ಪು ತನ್ನದೆಂದು ಒಳಗೊಳಗೇ ಬೇಯುತ್ತಿದ್ದ. ಚಿತ್ರದಲ್ಲಿ ಬಾಂಡ್ ರೋಜರ್ಸ್‌ಳ ಮಗ ಗಿಲಮ್ ಮೊದಲು ಬುಕ್ಸ್‌ನ ಕೀರ್ತಿಗೆ ಮರುಳಾಗಿ ಅವನಿಂದ ಗುರಿ ಹೊಡೆಯುವುದನ್ನು ಕಲಿಯುತ್ತಾನೆ, ಕೊನೆಗೆ ಮನುಷ್ಯನೊಬ್ಬನ ಮೇಲೆ ಗುಂಡು ಹಾರಿಸಿ ಬಂದೂಕನ್ನು ದೂರ ಎಸೆಯುತ್ತಾನೆ, ಪ್ರಾಣ ಬಿಡುತ್ತಿರುವ ಬುಕ್ಸ್ ಅದಕ್ಕೆ ತಲೆಯಾಡಿಸಿ ಒಪ್ಪಿಗೆ ಸೂಚಿಸುತ್ತಾನೆ. ಆ ತಲೆಯಾಡಿಸುವಿಕೆಯ ಅರ್ಥವೇನೆಂದು ಅಜ್ಜನನ್ನೇ ಕೇಳು, ಅವರು ಹೇಳಿದ್ದನ್ನು ನನಗೆ ಹೇಳಬೇಕಾಗಿಲ್ಲ ಎಂದು ಹುಡುಗನಿಗೆ ಹೇಳಿದೆ. ಅವರಿಬ್ಬರೂ ಮಾತಾಡಿದರೆಂಬುದಷ್ಟೇ ನನಗೆ ಗೊತ್ತು.

ಹಿರಿಯರು ಅದಾದ ಮೇಲೆ ನಾಲ್ಕು ತಿಂಗಳು ಬದುಕಿದರು. ನೋವು ಪೂರ್ತಿ ಹೋಗಲಿಲ್ಲ, ಮಾರ್ಫಿನ್‌ನಿಂದ ಮಲಬದ್ಧತೆಯ ಕಾಟವೂ ಇತ್ತು, ಆದರೆ ರಾತ್ರಿ ನಿದ್ದೆ ಬರುತ್ತಿತ್ತು. ಮೆಣಸನ್ನು ತಾವೇ ಮಾರಿದರು, ಮುಂಗಡ ನಿರ್ದೇಶನಕ್ಕೆ ಸಹಿ ಹಾಕಿದರು, ಠಾಣೆಯಲ್ಲಿದ್ದ ಕೋವಿಯನ್ನು ಮರಳಿ ತರಿಸಲಿಲ್ಲ. ತೀರಿಕೊಂಡದ್ದು ಮನೆಯಲ್ಲಿ, ಮಗ ಹತ್ತಿರವಿದ್ದಾಗ.

ಮಗ ನಂತರವೂ ಮೂರು ಬಾರಿ ಬಂದು ಮಾತಾಡಿದ್ದಾರೆ. ತಂದೆಯೊಡನೆ ಎಲ್ಲವನ್ನೂ ಮಾತಾಡಿದ ಅವರು ಆ ವೈದ್ಯನ ದೃಶ್ಯವನ್ನು ಮಾತ್ರ ಇನ್ನೂ ಪೂರ್ತಿ ನೋಡಿಲ್ಲ. ನೋಡಬೇಕೆಂದು ನಾನೂ ಹೇಳಿಲ್ಲ.