ಮಕ್ಕಳ ಚೇಷ್ಟೆ ಯಾವಾಗ ಕಾಟವಾಗುತ್ತದೆ?

ರಾಯಚೂರಿನ ಹಾಸ್ಟೆಲ್‌ನಲ್ಲಿ ಮಗನನ್ನು ಹುಡುಗರು ದಿನಾ ಅಡ್ಡಹೆಸರಿಟ್ಟು ರೇಗಿಸುತ್ತಾರೆ, ಇದು ಬರೀ ಚೇಷ್ಟೆಯಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ.

1970ರ ದಶಕದಿಂದ ಮಕ್ಕಳ ನಡುವಿನ ಕಾಟವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅದಕ್ಕೆ ಮೂರು ಗುರುತು ಹೇಳಿದ್ದಾರೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಅಂತರ. ಬಲ ಅಂದರೆ ಮೈಕಟ್ಟು ಮಾತ್ರ ಅಲ್ಲ. ಗುಂಪು, ಜಾತಿ, ದುಡ್ಡು ಎಲ್ಲವೂ ಬಲವೇ. ನಮ್ಮ ಕಡೆ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ, ತಡವಾಗಿ ಶಾಲೆಗೆ ಬಂದ ಮಗು ಒಂಟಿಯಾಗಿರುತ್ತದೆ. ಅಂಥವರನ್ನು ಕಾಡುವುದು ಸುಲಭ, ಅಲ್ವಾ? ನೋಡುತ್ತಾ ನಗುವವರಿಂದ ಕಾಟ ಇನ್ನೂ ಜಾಸ್ತಿಯಾಗುತ್ತದೆ.

'ನೀನೂ ಹೊಡಿ' ಅನ್ನಬೇಡಿ. ಮೊದಲು ಅವನ ಮಾತು ಪೂರ್ತಿ ಕೇಳಿ. ನಡೆದದ್ದನ್ನು ದಿನಾಂಕ ಹಾಕಿ ಬರೆದು ವಾರ್ಡನ್‌ಗೆ ಕೊಡಿ. ಅಲ್ಲಿ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.