ಒಂದೇ ಮಳೆಗಾಲಕ್ಕೆ ಬೇರಿಂಗ್ ಯಾಕೆ ಹೋಗುತ್ತದೆ?

ಈ ಸಲ ಬೈಕ್ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಚಕ್ರದ ಬೇರಿಂಗ್ ಬಗ್ಗೆ ಬಂದವೇ ಜಾಸ್ತಿ.

ಪ್ರಶ್ನೆ: ನನ್ನದು 150 ಸಿಸಿ ಬೈಕ್. ಮಳೆ ಶುರುವಾಗುವ ಮುಂಚೆ ಹಿಂದಿನ ಚಕ್ರಕ್ಕೆ ಎರಡೂ ಬೇರಿಂಗ್ ಹೊಸದು ಹಾಕಿಸಿದ್ದೆ. ಈಗ 40 ದಾಟಿದರೆ ಮತ್ತೆ ಹಿಂದಿನಿಂದ ಗುಂಯ್ ಅಂತ ಸದ್ದು. ಕಂಪನಿ ಮಾಲೇ ಹಾಕಿದ್ದು. ಬೇರಿಂಗೇ ಕಳಪೆಯಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇರಿಂಗ್ ಮೇಲೆ ಅನುಮಾನ ಪಡುವ ಮೊದಲು ಅದನ್ನು ಕೂರಿಸಿದ್ದು ಹೇಗೆ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಸರಿಯಾಗಿ ಕೂತ ಬೇರಿಂಗ್ ಹತ್ತಾರು ಸಾವಿರ ಕಿಲೋಮೀಟರ್ ಓಡುತ್ತದೆ. ಇಷ್ಟು ಬೇಗ ಹೋಯಿತು ಅಂದರೆ ಕಾರಣ ಹೆಚ್ಚಾಗಿ ಸುತ್ತಿಗೆ, ಇಲ್ಲವೇ ನೀರು.

ಬೇರಿಂಗ್‌ಗೆ ಒಳಗೊಂದು, ಹೊರಗೊಂದು ಉಕ್ಕಿನ ಬಳೆ. ನಡುವೆ ಗುಂಡುಗಳು. ಹಬ್‌ನೊಳಗೆ, ಅಂದರೆ ಚಕ್ರದ ನಡುಭಾಗದೊಳಗೆ, ಬಿಗಿಯಾಗಿ ಕೂರುವುದು ಹೊರಬಳೆ, ಹಾಗಾಗಿ ಏಟು ಬೀಳಬೇಕಾದ್ದೂ ಅದಕ್ಕೆ ಮಾತ್ರ. ಒಳಬಳೆಗೆ ಸರಳು ಕೊಟ್ಟು ಹೊಡೆದರೆ ಆ ಏಟು ಗುಂಡುಗಳ ಮೂಲಕವೇ ಹೊರಬಳೆಗೆ ಹೋಗಬೇಕು, ಗುಂಡು ಒತ್ತಿದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬೀಳುತ್ತದೆ, ಅಂಗಡಿಯಿಂದ ಹೊರಡುವಾಗ ಚಕ್ರ ಚೆನ್ನಾಗಿಯೇ ತಿರುಗುತ್ತದೆ, ಸದ್ದು ಬರುವುದು ಆಮೇಲೆ. ಹೊರಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು, ನೇರವಾಗಿ, ಸ್ವಲ್ಪ ಸ್ವಲ್ಪವೇ ತಟ್ಟಿ ಇಳಿಸಬೇಕು. ಹೊಸ ಬೇರಿಂಗನ್ನು ಪ್ಯಾಕೆಟ್ ಸಮೇತ ರಾತ್ರಿ ಫ್ರೀಜರ್‌ನಲ್ಲಿಟ್ಟು, ಹಬ್ಬನ್ನು ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿಕೊಂಡರೆ ಕೆಲಸ ಇನ್ನೂ ಸಲೀಸು. ಬಿಸಿಯಾದಾಗ ಹಬ್ಬಿನ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಹಬ್ಬಿನ ತಳ ತಾಗಿದ ಕ್ಷಣ ಸುತ್ತಿಗೆಯ ಸದ್ದೇ ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಇನ್ನೊಂದು, ಸ್ಪೇಸರ್. ಎರಡು ಬೇರಿಂಗ್‌ಗಳ ಒಳಬಳೆಗಳ ನಡುವೆ ಒಂದು ಕೊಳವೆ ಇರುತ್ತದೆ. ಚಕ್ರದ ನಡುವೆ ಹಾಯುವ ಸರಳಿನ, ಅಂದರೆ ಆಕ್ಸಲ್‌ನ ನಟ್ ಬಿಗಿ ಮಾಡಿದಾಗ ಆ ಬಿಗಿಯನ್ನು ಹೊರುವುದು ಈ ಕೊಳವೆ. ಅದನ್ನು ಹಾಕಲು ಮರೆತರೆ, ಅಥವಾ ಅದು ಸವೆದು ಗಿಡ್ಡವಾಗಿದ್ದರೆ, ಬಿಗಿಯೆಲ್ಲ ಅಡ್ಡಡ್ಡವಾಗಿ ಗುಂಡುಗಳ ಮೇಲೆ ಬೀಳುತ್ತದೆ. ಎಷ್ಟು ದುಬಾರಿ ಬೇರಿಂಗ್ ಹಾಕಿದರೂ ಇದನ್ನು ತಡೆಯುವುದಿಲ್ಲ. ಎರಡನೇ ಬೇರಿಂಗ್ ಕೂಡ ಸ್ಪೇಸರ್‌ಗೆ ತಾಗುವವರೆಗೆ ಹೋದರೆ ಸಾಕು, ಅದಕ್ಕಿಂತ ಆಚೆ ಹೊಡೆಯಬಾರದು.

ನೀವು "ಎರಡೂ ಬೇರಿಂಗ್" ಅಂತ ಬರೆದಿದ್ದೀರಿ. ಚೈನ್ ಸುತ್ತುವ ಹಲ್ಲಿನ ಚಕ್ರ, ಅಂದರೆ ಹಿಂದಿನ ಸ್ಪ್ರಾಕೆಟ್ ಕೂರುವ ಡ್ರಮ್, ಅಂದರೆ ಒಳಗೆ ರಬ್ಬರ್ ತುಂಡುಗಳಿರುವ ಭಾಗ, ಬೇರೆಯೇ ಬಿಚ್ಚಿ ಬರುವ ಬೈಕುಗಳಲ್ಲಿ ಸಾಮಾನ್ಯವಾಗಿ ಅದಕ್ಕೂ ಒಂದು ಬೇರಿಂಗ್ ಇರುತ್ತದೆ. ಚೈನಿನ ಎಳೆತವೆಲ್ಲ ಅದರ ಮೇಲೆಯೇ. ಅದನ್ನು ಮುಟ್ಟದೆ ಬಿಟ್ಟಿರುವ ಸಾಧ್ಯತೆ ತುಂಬಾ ಇದೆ, ಮೊದಲು ಅದನ್ನೇ ನೋಡಿಸಿ.

ಪ್ರಶ್ನೆ: ಚಕ್ರ ಬಿಚ್ಚದೆ ಬೇರಿಂಗ್ ಹೋಗಿದೆ ಅಂತ ತಿಳಿಯುವುದು ಹೇಗೆ?
– ಕುಂದಾಪುರದ ಓದುಗರು

ಉತ್ತರ: ಸೆಂಟರ್ ಸ್ಟ್ಯಾಂಡ್ ಹಾಕಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಸಂಶಯ ಬೇಡ. ಮುಂದಿನ ಚಕ್ರವಾದರೆ ಒಬ್ಬರು ಫೋರ್ಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ, ಇಲ್ಲದಿದ್ದರೆ ಹ್ಯಾಂಡಲ್ ಬೇರಿಂಗ್‌ನ ಆಟವನ್ನೇ ಚಕ್ರದ್ದು ಅಂದುಕೊಳ್ಳುತ್ತೀರಿ. ಆಟ ಇಲ್ಲದಿದ್ದರೂ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ಹಿಂದಿನ ಚಕ್ರ ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಮೇಲಿಡಿ. ಗೊರಗೊರ ಅನ್ನುವುದು ಕೈಗೇ ತಿಳಿಯುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಮತ್ತೊಂದು ಸೂಚನೆ: ಬೇರಿಂಗ್ ಸಡಿಲವಾದಾಗ ಡಿಸ್ಕ್ ಅತ್ತಿತ್ತ ವಾಲಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಮೊದಲ ಸಲ ಬ್ರೇಕ್ ಹಿಡಿದರೆ ಲಿವರ್ ಜಾಸ್ತಿ ಒಳಗೆ ಬರುತ್ತದೆ. ಇದನ್ನು ನಿರ್ಲಕ್ಷಿಸಿ ಘಾಟಿ ಇಳಿಯಬೇಡಿ.

ಪ್ರಶ್ನೆ: ಅಂಗಡಿಯಲ್ಲಿ 6202 ಜೆಡ್‌ಜೆಡ್, 6202 2ಆರ್‌ಎಸ್ ಅಂತ ಎರಡು ತೋರಿಸಿದರು. ಯಾವುದು ತಗೊಳ್ಳಲಿ?
– ಕೋಲಾರದ ಓದುಗರು

ಉತ್ತರ: ಎರಡರ ಅಳತೆಯೂ ಒಂದೇ. ಒಳಗೆ 15, ಹೊರಗೆ 35, ದಪ್ಪ 11 ಮಿಲಿಮೀಟರ್. ಜೆಡ್‌ಜೆಡ್‌ಗೆ ಎರಡೂ ಬದಿ ತಗಡಿನ ಮುಚ್ಚಳ, 2ಆರ್‌ಎಸ್‌ಗೆ ರಬ್ಬರ್ ಸೀಲ್. ತಗಡು ಧೂಳು ತಡೆಯುತ್ತದೆ, ನೀರನ್ನಲ್ಲ. ಚಕ್ರಕ್ಕೆ ರಬ್ಬರ್ ಸೀಲಿನದೇ ಹಾಕಿ. ಹಳೆಯ ಬೇರಿಂಗ್ ಮೇಲಿನ ನಂಬರ್ ಓದಿ ಕೇಳಿ, 6202 ಬದಲು 6302 ಬಂದರೆ ಒಳ ಅಳತೆ 15 ಸರಿ ಹೋದರೂ ಹೊರಗೆ 42 ಇರುವುದರಿಂದ ಹಬ್ಬಿಗೆ ಹೋಗುವುದೇ ಇಲ್ಲ. ಹಬ್ಬಿನ ಹೊರಗಿನ ಆಯಿಲ್ ಸೀಲನ್ನೂ ಜೊತೆಗೇ ಹೊಸದು ತಗೊಳ್ಳಿ. ಬೇರಿಂಗ್ ಬದಲಿಸಿ ಹಳೆಯ ಸೀಲನ್ನೇ ಮತ್ತೆ ಒತ್ತುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ನೀರು ಒಳಗೆ ಬಂದದ್ದೇ ಅಲ್ಲಿಂದ ಅಲ್ವಾ?

ಪ್ರಶ್ನೆ: ವಾಟರ್ ಸರ್ವೀಸ್‌ನಿಂದ ಬೇರಿಂಗ್ ಹಾಳಾಗುತ್ತದಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಆಗುತ್ತದೆ. ಪ್ರೆಶರ್ ಪೈಪನ್ನು ಹತ್ತಿರದಿಂದ ನೇರ ಹಬ್ಬಿಗೆ ಹಿಡಿದರೆ ಸೀಲಿನ ತುಟಿ ದಾಟಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಬ್ ಕಡೆ ಬಕೆಟ್ ನೀರು, ಬಟ್ಟೆ ಸಾಕು ಅಂತ ಮೊದಲೇ ಹೇಳಿ.

ಪ್ರಶ್ನೆ: ಬೇರಿಂಗ್ ಕೈಯಲ್ಲೇ ಜಾರಿ ಹಬ್ಬಿನೊಳಗೆ ಬೀಳುತ್ತಿದೆ. ಮೆಕ್ಯಾನಿಕ್ ಹಬ್ಬಿನ ಅಂಚಿಗೆ ಸುತ್ತಲೂ ಪಂಚ್ ಹೊಡೆದು ಬಿಗಿ ಮಾಡಿದ್ದಾರೆ. ನಡೆಯುತ್ತದಾ?
– ಹಾಸನದ ಓದುಗರು

ಉತ್ತರ: ಊರು ಮುಟ್ಟಲು ನಿಧಾನಕ್ಕೆ ಓಡಿಸಬಹುದು, ಅಷ್ಟೇ. ಪಂಚ್ ಹೊಡೆದಾಗ ಎದ್ದ ಆ ನಾಲ್ಕಾರು ಗುಬ್ಬಿಗಳಷ್ಟೇ ಬೇರಿಂಗನ್ನು ಹಿಡಿದಿರುತ್ತವೆ. ಅವು ಮೆದು ಅಲ್ಯೂಮಿನಿಯಂ, ಬೇಗ ಸವೆಯುತ್ತವೆ, ಹೊರಬಳೆ ಮತ್ತೆ ಹಬ್ಬಿನೊಳಗೇ ತಿರುಗಿ ರಂಧ್ರವನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಹೋದ ಬೇರಿಂಗ್‌ನಲ್ಲೇ ಬಹಳ ದಿನ ಓಡಿಸಿದಾಗ ಈ ಸ್ಥಿತಿ ಬರುವುದು ಜಾಸ್ತಿ. ಸಡಿಲ ತೀರಾ ಸ್ವಲ್ಪವಿದ್ದರೆ ಬೇರಿಂಗ್ ಹಿಡಿಸಲೆಂದೇ ಬರುವ ಅಂಟು ಸಾಕಾಗಬಹುದು. ನಿಮ್ಮದು ಕೈಯಲ್ಲೇ ಜಾರುತ್ತಿದೆ. ಒಳ್ಳೆಯ ಲೇತ್ ಅಂಗಡಿಯಲ್ಲಿ ಹಬ್ ಕೊರೆಸಿ ಬುಷ್ (ಲೋಹದ ಬಳೆ) ಕೂರಿಸಿ, ಹಬ್ಬಿನ ಗೋಡೆ ಅದಕ್ಕೆ ಸಾಲುವಷ್ಟು ದಪ್ಪವಿಲ್ಲ ಅಂತ ಅವರು ಹೇಳಿದರೆ ಹಬ್ಬನ್ನೇ ಬದಲಿಸಿ.